ಕೌದಿಯ ಹೊಟ್ಟೆಯಲ್ಲಿ ಬಿರುಗಾಳಿ

ಇಳಕಲ್ಲಿನಿಂದ ಬಾಗಲಕೋಟೆಯವರೆಗೆ

ಬಾಣಂತನ ಮಾಡಲು ಸಮುದ್ರ ದಾಟಿ ಹೋದ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಊರಿಗೆ ಮರಳಿದ ಮೇಲೆ ಆರು ತಿಂಗಳು ನನ್ನನ್ನು ಅರಿಷಿಣ-ಕುಂಕುಮಕ್ಕೆ ಕರೆಯದ ಮನೆ ಇರಲಿಲ್ಲ. ಎಲ್ಲರೂ ಕೇಳಿದ್ದು ವಿಮಾನದ ಬಗ್ಗೆ. ವಿಮಾನದಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಕೂತೆ, ಕಿವಿ ಮುಚ್ಚಿತು, ಇಳಿದೆ. ಹೇಳಬೇಕಾದದ್ದು ಒಂದು ಕೌದಿಯ ಸಂಗತಿ. ಅದನ್ನು ಯಾರೂ ಕೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ತಮ್ಮ ಬಸವರಾಜ, ನಮಗೆಲ್ಲ ಬಸು, ಹುನಗುಂದದ ನಮ್ಮ ತವರಿನಿಂದ ಮುಂಬೈಗೆ ಹೋಗಿ ಬಟ್ಟೆ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಗಿರಣಿಯ ಮಾಲು ಮಾರಿಷಸ್ಸಿಗೆ ಹೋಗುತ್ತಿತ್ತು. ಮಾಲಿನ ಹಿಂದೆ ಇವನೂ ಹೋದ. ಅಲ್ಲಿ ಸಣ್ಣದೊಂದು ಅರಿವೆ ಅಂಗಡಿ ಹಾಕಿದ, ಅಲ್ಲಿಯ ಮರಾಠಿ ಹುಡುಗಿ ಲೀಲಾಳನ್ನು ಮದುವೆಯಾದ. ಅವಳ ಮುತ್ತಜ್ಜನ ಕಾಲಕ್ಕೆ ಕೊಂಕಣದ ಕಡೆಯಿಂದ ಕಬ್ಬಿನ ಕೆಲಸಕ್ಕೆಂದು ಹೋಗಿ ನೆಲೆ ನಿಂತ ಮಂದಿ ಅವರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಲೀಲಾ ಬಸುರಿ ಎಂದು ಕಾಗದ ಬಂತು. ಅವಳಿಗೆ ತಾಯಿ ಇಲ್ಲ, ಮುದುಕಿ ಅಜ್ಜಿ ಒಬ್ಬಳೇ. 'ಯಕ್ಕಾ, ನೀ ಬಂದ್ರ ನನಗ ಧೈರ್ಯ' ಎಂದು ಬಸು ಬರೆದಿದ್ದ.

ನಮ್ಮ ಮನೆಯವರು ಕಾಗದ ಮಡಚಿಟ್ಟು, "ಬಾದಾಮಿಗೆ ಹೋದ್ರ ಮಂಗ್ಯಾನ ಕೈಯಾಗ ಬಾಳೆಹಣ್ಣಿನ ಚೀಲ ಕೊಟ್ಟು ಬರಾಕಿ ನೀನು. ಸಮುದ್ರದಾಚಿ ಏನೇನ್ ಕೊಟ್ಟು ಬರ್ತೀಯೋ!" ಅಂದರು. ಆದರೆ ಪಾಸ್‌ಪೋರ್ಟಿನ ಫೋಟೋಕ್ಕೆ ಬಾಗಲಕೋಟೆಗೆ ಕರೆದುಕೊಂಡು ಹೋದವರೂ ಅವರೇ. ಫೋಟೋದವನು ತಲೆ ಮೇಲಿನ ಸೆರಗು ತೆಗೆಯಬೇಕೆಂದ. ಇವರು ತೆಗೆಯಬಾರದೆಂದರು. ಅರ್ಧ ತಾಸು ವಾದ ಆಯಿತು. ಕೊನೆಗೆ ಸೆರಗು ಅರ್ಧ ತಲೆಯ ಮೇಲೆ ನಿಂತಿತು. ಆ ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತೇನೆ.

ಟ್ರಂಕಿನಲ್ಲಿ ಬಾಣಂತಿಗೆ ಬೇಕಾದ ಅಂಟು, ಅಳವಿ ಬೀಜ, ಉತ್ತತ್ತಿ, ಒಣಕೊಬ್ಬರಿ, ಶೇಂಗಾ ಚಟ್ನಿ, ಬೆಲ್ಲ-ಅಂಟಿನ ಮಿಠಾಯಿಯಾದ ಅಮೀನಗಡದ ಕರದಂಟು ಎರಡು ಸೇರು, ಲೀಲಾಳಿಗೊಂದು ಇಳಕಲ್ ಸೀರೆ. ಎಲ್ಲದರ ಮೇಲೆ ನಮ್ಮ ಅತ್ತೆ ತಮ್ಮ ಕೌದಿ ಹೊಲಿಯುವ ದಪ್ಪ ಸೂಜಿಯನ್ನು ಕೆಂಪು ದಾರದ ಉಂಡೆಗೆ ಚುಚ್ಚಿ ಇಟ್ಟರು. "ಕೂಸು ಹುಟ್ಟಿದ ಮನ್ಯಾಗ ಹೊಸಾ ಕೌದಿ ಇರಬೇಕು. ಅರಿವಿ ಅಲ್ಲೇ ಸಿಗ್ತಾವ, ಇಂಥಾ ಸೂಜಿ ಸಿಗೂದಿಲ್ಲ. ನಮ್ಮವ್ವ ಕೊಟ್ಟಿದ್ದೈತಿ. ಹೊಳ್ಳಿ ತಾ" ಅಂದರು. ಬೇರೆ ಸೀಮೆಯವರಿಗೆ ಹೇಳಬೇಕು: ಕೌದಿ ಎಂದರೆ ಅರಿವೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಹಾಸಿಗೆ-ಹೊದಿಕೆ. ನಮ್ಮಲ್ಲಿ ಒಂದು ಚಿಂದಿಯನ್ನೂ ಎಸೆಯುವುದಿಲ್ಲ. ಎಸೆಯುವ ಮನಸ್ಸಾದಾಗ ಕೌದಿ ಹೊಲಿಯುತ್ತೇವೆ.

ಮಾರಿಷಸ್: ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ಟ್ರಂಕು ತೆರೆಸಿದ ಅಧಿಕಾರಿ ಅಳವಿಯ ಪೊಟ್ಟಣ ಎತ್ತಿ ಮೂಸಿ, ಇದೇನೆಂದು ಹುಬ್ಬಿನಲ್ಲೇ ಕೇಳಿದ. ನನಗೆ ಅವನ ಮಾತು ಬಾರದು, ಅವನಿಗೆ ನನ್ನದು ಬಾರದು. ನಾನು ಎರಡೂ ಕೈಗಳಿಂದ ಗಾಳಿಯಲ್ಲಿ ದೊಡ್ಡ ಹೊಟ್ಟೆ ತೋರಿಸಿ, ಆಮೇಲೆ ಕೂಸನ್ನು ತೂಗಿ, ಆಮೇಲೆ ಅಳವಿ ಉಂಡೆ ಕಟ್ಟಿ ತಿನ್ನಿಸಿದೆ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅಧಿಕಾರಿ ನನ್ನ ಹೊಟ್ಟೆಯನ್ನೇ ನೋಡಿ, ಈ ವಯಸ್ಸಿನಲ್ಲಿ ಎಂಬಂತೆ ಕೈಮುಗಿದು ಬಿಟ್ಟ. ಅಲ್ಲ ಎಂದು ಹೇಳಲು ನನಗೆ ಮತ್ತೊಂದು ನಾಟಕ ಗೊತ್ತಿರಲಿಲ್ಲ.

ಬಸುವಿನ ಊರು ಕಬ್ಬಿನ ಗದ್ದೆಗಳ ನಡುವೆ. ಹಿಂದೆ ಸಿಮೆಂಟಿನ ಎರಡು ಕೋಣೆಯ ಮನೆ, ಮುಂದೆ ಸಣ್ಣ ಅಂಗಳ, ಅಂಗಳದಾಚೆ ರಸ್ತೆಗೆ ಮುಖ ಮಾಡಿ ತಗಡಿನ ಮಾಡಿನ ಬಾಡಿಗೆ ಅಂಗಡಿ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಥಾನುಗಳು. ಗಿರಣಿಯಿಂದ ಬರುವ ಅರಿವೆಯ ಸುತ್ತಿದ ಕಟ್ಟಿಗೆ ಥಾನು ಅನ್ನುತ್ತೇವೆ. ಪ್ರತಿ ಥಾನಿನ ಮೊದಲ ತುದಿಯಲ್ಲಿ ಗಿರಣಿಯ ಬಂಗಾರದ ಬಣ್ಣದ ಮುದ್ರೆ: ನವಿಲು, ಸಿಂಹ, ಕಳಸ ಹೊತ್ತ ಹೆಂಗಸು. ಬಂದ ದಿನವೇ ನಾನು ಅವನ್ನೆಲ್ಲ ಸವರಿ ನೋಡಿದೆ.

ಲೀಲಾಳ ಅಜ್ಜಿಯನ್ನು ಎಲ್ಲರೂ ಆಜಿ ಅನ್ನುತ್ತಾರೆ. ನನ್ನ ಮೊಣಕೈಯಷ್ಟೇ ಎತ್ತರದ ಮುದುಕಿ. ಸೀರೆ ಕಚ್ಚೆ ಹಾಕಿ, ತಲೆಗೆ ಹುಲ್ಲಿನ ಟೊಪ್ಪಿಗೆ ಇಟ್ಟು ಹೊಲಕ್ಕೆ ಹೋಗಿ ಬಂದವಳು. ನಾನು ನಮ್ಮ ಪೇಟೆಯಲ್ಲಿ ಕಲಿತ ಮರಾಠಿಯಲ್ಲಿ ಮಾತಾಡಿದ್ದೇ ತಡ, ಅವಳು ನನ್ನ ಗದ್ದ ಹಿಡಿದು ಹಲ್ಲು ನೋಡಿದಳು. ಅವಳ ಮರಾಠಿ ಎಷ್ಟು ಹಳೆಯದೆಂದರೆ, ನಮ್ಮಜ್ಜಿ ಕಾಲದ ನಾಣ್ಯ ಕೈಗೆ ಕೊಟ್ಟ ಹಾಗಿತ್ತು. ಅದನ್ನು ನಮ್ಮ ಮಾತಿಗೆ ತಿರುಗಿಸಿಯೇ ಇಲ್ಲಿ ಬರೆಯುತ್ತೇನೆ.

ಒಂದು ಬಾವುಟ

ನಾನು ಹೋಗಿ ಮೂರು ವಾರಕ್ಕೆ ಪೊಲೀಸ್ ಠಾಣೆಯ ಮೇಲೆ ಒಂದು ಕೆಂಪು ಬಾವುಟ ಏರಿತು. ಯಾವ ಪಕ್ಷದ್ದೆಂದು ಕೇಳಿದೆ. ಆಜಿ ನಕ್ಕಳು. "ಗಾಳಿ ಪಕ್ಷದ್ದು. ಒಂದು ಏರಿದ್ರ ಗಾಳಿ ಹೊಂಟೈತಿ ಅಂತ. ಎರಡು ಏರಿದ್ರ ಹಾದ್ಯಾಗ ಐತಿ. ಮೂರು ಏರಿದ್ರ ಬಾಗಿಲಾ ಹಾಕ್ಕೋ."

ಸಮುದ್ರದ ಮೇಲೆ ಹುಟ್ಟುವ ಆ ಬಿರುಗಾಳಿಗೆ ಅಲ್ಲಿಯವರು ಹೆಂಗಸರ ಹೆಸರಿಡುತ್ತಾರೆ. ರೇಡಿಯೋದಲ್ಲಿ ಅದರ ಹೆಸರು ಹೇಳಿ, ಈಗ ಎಲ್ಲಿದ್ದಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ತಾಸಿಗೊಮ್ಮೆ ವರದಿ. ನಮ್ಮ ಕೂಸಿಗಿಂತ ಮೊದಲು ಗಾಳಿಗೇ ತೊಟ್ಟಿಲಾಯಿತಲ್ಲ ಎಂದು ನನಗೆ ಬೇಸರ.

ನಮ್ಮ ಕಡೆ ಗಾಳಿ ಎದ್ದರೆ ಏನು ಮಾಡುತ್ತೇವೆ? ಮಾಳಿಗೆ ಮೇಲಿನ ಮೆಣಸಿನಕಾಯಿ ಒಳಗೆ ತರುತ್ತೇವೆ. ಕೆರೂರ ಸಂತೆಯಲ್ಲಾದರೆ ತಾಡಪತ್ರಿಯ ನಾಲ್ಕು ಮೂಲೆಗೆ ನಾಲ್ಕು ಮಂದಿ ಜೋತುಬೀಳುತ್ತಾರೆ. ಐಹೊಳೆಯಲ್ಲಿ ಹಳೆಯ ಗುಡಿಗಳೊಳಗೇ ಸಂಸಾರ ಮಾಡಿದವರಿದ್ದಾರೆ. ಅವರ ಕಲ್ಲಿನ ಮಾಡು ಚಾಲುಕ್ಯರ ಕಾಲದಿಂದ ಅಲುಗಿಲ್ಲ. ಹೀಗಾಗಿ ಗಾಳಿಗೆ ಸಿದ್ಧತೆ ಎಂಬುದು ನನಗೆ ಹೊಸ ಪಾಠ. ಆಜಿ ಕಲಿಸಿದಳು. ಮನೆಯಲ್ಲಿರುವ ಪಾತ್ರೆಗಳಲ್ಲೆಲ್ಲ ನೀರು. ಬಚ್ಚಲ ಹಂಡೆ, ಬಕೆಟ್ಟು, ಹೂಜಿ, ಕೊನೆಗೆ ಲೀಲಾಳ ಹೂದಾನಿ ಕೂಡ. ಮಾವಿನ ಗಿಡದ ಚಾಚಿದ ಕೊಂಬೆ ಕಡಿಸಬೇಕು. ಕಿಟಕಿಗೆ ಹಲಗೆ ಹೊಡೆಯಬೇಕು. ಮೇಣದಬತ್ತಿ, ಕಡ್ಡಿಪೆಟ್ಟಿಗೆ, ರೇಡಿಯೋಕ್ಕೆ ಹೊಸ ಸೆಲ್ಲು. ಮನೆಯ ಕಾಗದಪತ್ರವೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಮಂಚದ ಕೆಳಗೆ.

ಆ ಡಬ್ಬಿಯಲ್ಲಿ ಬಸು ಅಂಗಡಿಯ ವಿಮಾ ಪಾಲಿಸಿ, ಮಾಲು ತರಿಸಿದ ಪಟ್ಟಿ, ಮದುವೆ ಫೋಟೋ ಇಟ್ಟ. ಮನೆಯಲ್ಲಿ ನೀರು ತಾಗಬಾರದ ಬೆಲೆಯುಳ್ಳ ವಸ್ತು ಇನ್ನೂ ಒಂದಿತ್ತಲ್ಲ, ಹಾಗಾಗಿ ನಾನು ಯಾರಿಗೂ ಹೇಳದೆ ಕರದಂಟನ್ನೂ ಅದರಲ್ಲೇ ಇಟ್ಟೆ.

ಮೂರು ಬಾವುಟ

ಎರಡನೆಯ ಬಾವುಟಕ್ಕೆ ಊರೆಲ್ಲ ಬ್ರೆಡ್ಡಿನಂಗಡಿಗೆ ಓಡಿತು. ಮೂರನೆಯದಕ್ಕೆ ಊರೆಲ್ಲ ಬಾಗಿಲು ಹಾಕಿ ಇಸ್ಪೀಟಿಗೆ ಕೂತಿತು. ಇದೇನು, ಹಬ್ಬವೋ ಸಾವೋ, ನನಗೆ ತಿಳಿಯಲೊಲ್ಲದು.

ಬಸು ಅಂಗಡಿಯ ತಗಡಿನ ಮಾಡಿಗೆ ಅಡ್ಡಡ್ಡ ಹಗ್ಗ ಬಿಗಿದ. ಕೊನೆಗೆ ಹಿಂಬಾಗಿಲಿಗೆ ಹಗ್ಗ ಸಾಲಲಿಲ್ಲ. ಅಂಗಡಿಗಳೆಲ್ಲ ಮುಚ್ಚಿವೆ. ನಾನು ಟ್ರಂಕು ತೆರೆದು ಲೀಲಾಳಿಗೆ ತಂದ ಇಳಕಲ್ ಸೀರೆ ಕೊಟ್ಟೆ.

"ಹುಚ್ಚಿ, ಹೊಸಾ ಸೀರಿ!" ಅಂದ ಬಸು.

"ಒಂಬತ್ತು ಗಜದ ಹಗ್ಗ ಅಂತ ತಿಳಕೋ. ಬಿಗಿ" ಅಂದೆ. ಹಿಡಿಕೆಯಿಂದ ಕಂಬಕ್ಕೆ ಮೂರು ಸುತ್ತು ಸುತ್ತಿ ಬಿಗಿದ.

ಬೆಳಗ್ಗೆ ಹತ್ತಕ್ಕೆ ಗಾಳಿ ಬಂತು. ಅದನ್ನು ಗಾಳಿ ಅನ್ನುವುದೇ ತಪ್ಪು. ಬಾಗಲಕೋಟೆ ನಿಲ್ದಾಣದಲ್ಲಿ ಉಗಿಬಂಡಿ ಬಂದು ನಿಲ್ಲುತ್ತದಲ್ಲ, ಅದು ನಿಲ್ಲದೆ ಮೂರು ತಾಸು ನಮ್ಮ ಗೋಡೆಯೊಳಗಿಂದಲೇ ಹಾದುಹೋದಂತೆ. ಲೀಲಾ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಆಜಿ ಇಸ್ಪೀಟಿನಲ್ಲಿ ಬಸುವಿಗೆ ಮೋಸ ಮಾಡುತ್ತಿದ್ದಳು.

ಇದ್ದಕ್ಕಿದ್ದಂತೆ ನಿಂತಿತು. ಬಿಸಿಲು ಬಿತ್ತು. ಒಂದು ಹಕ್ಕಿಯೂ ಕೂಗಿತು. ಬಾಗಿಲ ಸಂದಿಯಲ್ಲಿ ನೋಡಿದೆ: ಅಂಗಡಿಯ ಮಾಡು ಇದ್ದಲ್ಲೇ ಇದೆ, ಅಂಗಳದ ತುಂಬ ಎಲೆ. ನಾನು ಕಸಬರಿಗೆ ಹಿಡಿದು ಹೊರಗೆ ಹೋಗಿ ಗುಡಿಸತೊಡಗಿದೆ. ಹತ್ತು ಬಾರಿ ಕೈ ಆಡಿಸಿರಲಿಲ್ಲ, ಹಿಂದಿನಿಂದ ನನ್ನ ಸೆರಗು ಯಾರೋ ಜಗ್ಗಿದರು. ಆಜಿ.

"ಒಳಗ ನಡಿ, ಹುಚ್ಚಿ! ಅದು ಊಟಕ್ಕ ಕುಂತೈತಿ, ಹೋಗಿಲ್ಲ. ಈಗ ಆ ಕಡಿಂದ ಬರತೈತಿ."

ಬಾಗಿಲು ಹಾಕಿದ ಕಾಲು ತಾಸಿಗೆ ಆ ಕಡೆಯಿಂದಲೇ ಬಂತು. ಮುಂಜಾನೆಯ ಗಾಳಿಗೆ ಬಗ್ಗದ ತಗಡು ಈ ಗಾಳಿಗೆ ಬೆನ್ನು ಕೊಟ್ಟಿತ್ತು. ಒಂದು ದೊಡ್ಡ ಸದ್ದು. ಬಸು ಇಸ್ಪೀಟು ಕೆಳಗಿಟ್ಟ. ಆಜಿ ಗೆದ್ದ ಆಟವನ್ನು ಎಲೆ ತೋರಿಸದೆ ಮಡಚಿಟ್ಟಳು.

ಗಾಳಿ ನಿಂತ ಮರುದಿನ

ಅಂಗಡಿಯ ಮಾಡು ಕಬ್ಬಿನ ಗದ್ದೆಯಲ್ಲಿ ಬಿದ್ದಿತ್ತು. ಹಿಂಬಾಗಿಲು ಮಾತ್ರ ಸೀರೆ ಸುತ್ತಿಕೊಂಡು ಹಾಗೇ ನಿಂತಿತ್ತು. ಬಂದವರೆಲ್ಲ ಅದನ್ನು ಮುಟ್ಟಿ ನೋಡಿದರು. ಇಳಕಲ್ಲಿನ ಮರ್ಯಾದೆ ಅಷ್ಟಾದರೂ ಉಳಿಯಿತು.

ಒಳಗಿನ ಸ್ಥಿತಿ ಬೇರೆ. ಥಾನುಗಳೆಲ್ಲ ನೀರು ಕುಡಿದು ಉಬ್ಬಿದ್ದವು. ತುಕ್ಕು ಹಿಡಿದ ತಗಡಿನ ನೀರು, ಹಲಗೆಯ ಮೊಳೆಗಳ ನೀರು ಪದರ ಪದರಕ್ಕೂ ಇಳಿದು ಕಂದು ಗೆರೆ ಎಳೆದಿತ್ತು. ಕೆಂಪು ಬಿಳಿಗೆ, ನೀಲಿ ಹಳದಿಗೆ ಬಣ್ಣ ಬಿಟ್ಟಿತ್ತು. ನೆಲದಲ್ಲಿ ಮೊಣಕಾಲಿನ ತನಕ ಕೆಸರು, ಎಲೆ, ಯಾರದೋ ಒಂದು ಚಪ್ಪಲಿ.

"ವಿಮಾ ಐತಿ ಯಕ್ಕಾ. ಹೆದರಬ್ಯಾಡ" ಅಂದ ಬಸು. ಹೆದರಿದವನು ಅವನೇ. ಫೋನಿನ ಕಂಬಗಳೆಲ್ಲ ಮಲಗಿದ್ದವು. ಪೋರ್ಟ್ ಲೂಯಿಯ ವಿಮಾ ಕಚೇರಿಗೆ ತಾನೇ ಹೋಗಿ ತಿಳಿಸಬೇಕು, ಬಸ್ಸಿಲ್ಲ, ನಡೆದಷ್ಟು ನಡೆದು ಸಿಕ್ಕಷ್ಟು ಲಾರಿ ಹತ್ತಬೇಕು. ಹೊರಡುವಾಗ ಅಂಗಡಿಯತ್ತ ನೋಡಿ, "ಯಕ್ಕಾ, ಅದು ಹಂಗ ಇರಲಿ. ನೀ ಕೈ ಹಚ್ಚಬ್ಯಾಡ" ಅಂದ.

ಇಲ್ಲಿ ನನ್ನ ಓದುಗರು ನನ್ನ ಪರವಾಗಿ ಸಾಕ್ಷಿ ಹೇಳಬೇಕು. ನಮ್ಮ ಕಡೆ ಬೀಗರ ಮನೆಗೆ ಹೋಗಿರುತ್ತೀರಿ. ಉಂಡ ಮೇಲೆ ತಾಟು ತೊಳೆಯಲು ಏಳುತ್ತೀರಿ. ಅವರು, "ಅಯ್ಯ, ಹಂಗ ಇರಲಿ ಬಿಡ್ರಿ, ಕೈ ಹಚ್ಚಬ್ಯಾಡ್ರಿ" ಅನ್ನುತ್ತಾರೆ. ನೀವು ಹಾಗೇ ಬಿಟ್ಟು ಕೂತರೆ ಆ ಮನೆಯಲ್ಲಿ ನಿಮ್ಮ ಹೆಸರು ಹತ್ತು ವರ್ಷ ಆಡಿಕೊಳ್ಳುವುದಿಲ್ಲವೇ? 'ಇರಲಿ' ಅಂದರೆ 'ನಿಮ್ಮಂಥವರು ಸುಮ್ಮನೆ ಕೂಡುವವರಲ್ಲವೆಂದು ಗೊತ್ತು' ಎಂದರ್ಥ. ತಮ್ಮ ಹಾಗೆ ಹೇಳಿ ಮೂಲೆ ತಿರುಗಿದ್ದೇ ನಾನು ಸೀರೆ ಎತ್ತಿ ಕಟ್ಟಿದೆ.

ಓಣಿಯ ನಾಲ್ಕು ಹೆಂಗಸರು ಕರೆಯದೆ ಬಂದರು. ಮಾತು ಬಾರದಿದ್ದರೂ ಕೆಸರು ಎತ್ತುವುದಕ್ಕೆ ಮಾತೇಕೆ? ಎರಡು ದಿನ ಎತ್ತಿದೆವು, ತೊಳೆದೆವು. ಥಾನು ಬಿಚ್ಚಿ ಹಳ್ಳದಲ್ಲಿ ಒಗೆದೆವು. ಗಾಳಿಗೆ ಉದುರಿದ ನಿಂಬೆಹಣ್ಣು ರಾಶಿ ಬಿದ್ದಿದ್ದವು, ಉಪ್ಪು ಹಚ್ಚಿ ಕಲೆಗಳನ್ನು ತಿಕ್ಕಿದೆವು. ತುಕ್ಕು ಹೋಗಲಿಲ್ಲ. ಮಾರಲು ಬರುವುದಿಲ್ಲವೆಂದು ನನಗೇ ತಿಳಿಯಿತು. ಸರಿ, ಕೈಗೂಡಿಸಿದವರನ್ನು ಹಾಗೇ ಕಳಿಸುವುದುಂಟೇ? ಮಾಡು ಹಾರಿದ ಮನೆಗಳಿಗೆ ಪರದೆಗೆ, ಮಕ್ಕಳ ಲಂಗಕ್ಕೆ ಹರಿದು ಹರಿದು ಹಂಚಿದೆ. ಗಿರಣಿಯ ಮುದ್ರೆಯ ತುದಿಗಳನ್ನು ಮಾತ್ರ ಚೆಂದವಿದ್ದವೆಂದು ಕತ್ತರಿಸಿ ಇಟ್ಟುಕೊಂಡೆ, ಕೌದಿಗೆ. ಎಲ್ಲ ಮುಗಿಸಿ ಅಂಗಡಿಯ ಹೊಸ್ತಿಲಿಗೆ ರಂಗೋಲಿ ಎಳೆದೆ.

ದಿನ ತುಂಬಿದ ಲೀಲಾ ಒಳಗೆ ಮಲಗಿದ್ದಳು. ಆಜಿ ಎರಡೂ ದಿನ ತನ್ನ ತಂಗಿಯ ಮನೆ ಬಿದ್ದಿತೆಂದು ಆ ಊರಿಗೆ ಹೋಗಿದ್ದಳು. ಇದ್ದಿದ್ದರೆ ಮತ್ತೆ ನನ್ನ ಸೆರಗು ಜಗ್ಗುತ್ತಿದ್ದಳು.

ಬಸು ಎರಡನೆಯ ದಿನ ಸಂಜೆ ಬಂದ. ರಂಗೋಲಿಯ ಮುಂದೆ ನಿಂತುಬಿಟ್ಟ.

"ಯಕ್ಕಾ, ಏನ್ ಮಾಡಿದಿ?"

"ಸ್ವಚ್ಛ ಮಾಡೇನಿ. ಹೆಂಗೈತಿ?"

"ಮಾಲು?"

"ಒಗದು ಹಂಚಿಬಿಟ್ಟೆ. ಎದಕ್ಕೂ ಬರತಿರಲಿಲ್ಲ ಅದು."

ಅವನು ಅಲ್ಲೇ ರಂಗೋಲಿಯ ಪಕ್ಕ ಕೂತ. ಆಮೇಲೆ ಮೆಲ್ಲಗೆ, ಸಣ್ಣ ಮಕ್ಕಳಿಗೆ ಹೇಳಿದಂತೆ ಹೇಳಿದ. ವಿಮಾದವರು ಒಬ್ಬ ಸರ್ವೇಯರನನ್ನು ಕಳಿಸುತ್ತಾರೆ. ಅವನು ಹಾಳಾದ ಮಾಲನ್ನು ಹಾಳಾದ ಹಾಗೇ ಕಣ್ಣಾರೆ ನೋಡಬೇಕು. ನೋಡಿದ್ದಷ್ಟನ್ನೇ ಬರೆಯುತ್ತಾನೆ. ಬರೆದಷ್ಟಕ್ಕೇ ಪರಿಹಾರ. ಅದು ಬರದಿದ್ದರೆ ಹೊಸ ಮಾಡಿಲ್ಲ, ಹೊಸ ಮಾಲಿಲ್ಲ. ಅಂಗಡಿಯ ಮಾಲೀಕ ಬೇರೆಯವರಿಗೆ ಕೊಡುತ್ತಾನೆ. ತಾನು ಮುಂಬೈಗೆ ಹೋಗಿ ಮತ್ತೆ ಗಿರಣಿಯ ಬಾಗಿಲಲ್ಲಿ ನಿಲ್ಲಬೇಕು. ಲೀಲಾ ಆಜಿಯನ್ನು ಬಿಟ್ಟು ಬರುವವಳಲ್ಲ.

"ಹಂಗಾರ ಕೂಸು?" ಅಂದೆ.

"ಕೂಸಿಗೆ ಕಾಗದ ಬರೀತೇನಿ" ಅಂದ.

ನಗಿಸಲು ಹೇಳಿದ ಮಾತು. ಇಬ್ಬರೂ ನಗಲಿಲ್ಲ.

ಗಾಳಿ ನಿಂತ ನಾಲ್ಕನೆಯ ದಿನ ಹೆಣ್ಣು ಕೂಸು ಹುಟ್ಟಿತು. ಗಾಳಿಯನ್ನೆಲ್ಲ ಕುಡಿದು ಬಂದವಳಂತೆ ಅತ್ತಿತು.

ಹನ್ನೊಂದನೆಯ ದಿನ

ಕೈಗೆ ಕೆಲಸವಿಲ್ಲದಿದ್ದರೆ ನನಗೆ ಅಳು ಬರುತ್ತದೆ. ಬಾಣಂತಿಗೆ ಎರೆದು ಮಲಗಿಸಿದ ಮೇಲೆ ಕೂತು ಕೌದಿ ಹೊಲಿದೆ. ಮುದ್ರೆಯ ತುದಿಗಳು ಮೇಲೆ, ಕಲೆ ಬಿದ್ದ ತುಂಡುಗಳು ಯಾರಿಗೂ ಕಾಣದಂತೆ ಒಳಗೆ, ಅತ್ತೆಯ ಸೂಜಿ, ಕೆಂಪು ದಾರ. ಓಣಿಯ ಹೆಂಗಸರು ಬಂದು ಬದಿಗೆ ಕೂತು ಅವರೂ ಎರಡು ಸಾಲು ಹಾಕಿದರು. ಏಳು ದಿನದಲ್ಲಿ ಮುಗಿದು, ಕೂಸು ಅದರ ಮೇಲೆ ಮಲಗಿತು.

ಗಾಳಿ ನಿಂತ ಹನ್ನೊಂದನೆಯ ದಿನ ಸರ್ವೇಯರ್ ಬಂದ. ಮುಸ್ಯೆ ಅಂತ್ವಾನ್ ಎಂದು ಹೆಸರು. ಮುಸ್ಯೆ ಎಂದರೆ ನಮ್ಮ ರಾಯರು, ಸಾಹೇಬರು ಇದ್ದ ಹಾಗೆ. ಎತ್ತರದ ಕಪ್ಪು ಮನುಷ್ಯ, ಹತ್ತಿಯಂಥ ಬಿಳಿ ಕೂದಲು. ಕೈಯಲ್ಲಿ ಚರ್ಮದ ಚೀಲ, ಇನ್ನೊಂದು ಕೈಯಲ್ಲಿ ಬರೀ ಕಡ್ಡಿಗಳುಳಿದ ಛತ್ರಿ. ಗಾಳಿ ಅರಿವೆಯನ್ನು ಒಯ್ದಿದ್ದರೂ ಅವನು ಹಿಡಿಕೆ ಬಿಟ್ಟಿರಲಿಲ್ಲ. ಅವನ ಮಾತನ್ನೆಲ್ಲ ನಮಗೆ ತಿಳಿಸಿದವನು ಬಸು.

ಮೊದಲು ಪಾಲಿಸಿ ಕೇಳಿದ. ಬಸು ಬಿಸ್ಕತ್ತಿನ ಡಬ್ಬಿ ತೆರೆದ. ಪಾಲಿಸಿ ಬರಲಿಲ್ಲ. ಜಗ್ಗಿದ. ಪಾಲಿಸಿಯ ಜೊತೆ ಕರದಂಟಿನ ಹಲಗೆ ಎದ್ದುಬಂತು. ಸೆಕೆಗೆ ಬೆಲ್ಲ ಕರಗಿ ಎರಡೂ ಒಂದಾಗಿದ್ದವು. ಬಸು ನನ್ನತ್ತ ನೋಡಿದ ನೋಟ ಬರೆಯುವಂಥದ್ದಲ್ಲ. ಮುಸ್ಯೆ ಅಂತ್ವಾನ್ ಸಾವಕಾಶ ಕಾಗದ ಬಿಡಿಸಿದ, ಬೆರಳು ನೆಕ್ಕಿದ, ಇದು ಏನೆಂದು ಕೇಳಿದ. ಒಂದು ತುಂಡು ಕೊಟ್ಟೆ. ಅದನ್ನು ತಿಂದು ಮುಗಿಸಿಯೇ ಪಾಲಿಸಿ ಓದಿದ. ಹುನಗುಂದದ ಕಚೇರಿಯಲ್ಲಾಗಿದ್ದರೆ ಇದನ್ನು ಬೇರೆ ಏನೋ ಅನ್ನುತ್ತಿದ್ದರು.

ಆಮೇಲೆ ಅಂಗಡಿ. ಖಾಲಿ ಹಲಗೆ, ತೊಳೆದ ನೆಲ, ರಂಗೋಲಿ. ಮೇಲೆ ಆಕಾಶ.

"ಮಾಡು ಹೋಗಿದೆ, ಕಾಣುತ್ತದೆ. ಮಾಲೆಲ್ಲಿ?" ಅಂದ.

ಬಸು ನನ್ನತ್ತ ತಿರುಗಿದ. ನಾನು, "ಖರೇ ಇದ್ದದ್ದು ಇದ್ದಂಗ ಹೇಳೋ" ಅಂದೆ. ಹೇಳಿದ. ಮುಸ್ಯೆ ಅಂತ್ವಾನ್ ಮೂಗಿನ ಮೇಲಿನ ಕನ್ನಡಕ ತೆಗೆದು ನನ್ನನ್ನು ನೋಡಿದ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಇಲ್ಲದ ಕೆಸರನ್ನು ತಂದು ಸುರಿದವರನ್ನು ಕಂಡಿದ್ದೇನೆ, ಇದ್ದ ಕೆಸರನ್ನು ತೊಳೆದವರನ್ನು ಕಂಡಿಲ್ಲ ಅಂದ. ಯಾಕೆ ತೊಳೆದಿರಿ?

"ಮನಿಗೆ ಬರೋ ಮಂದಿಗೆ ಹೊಲಸು ತೋರಸ್ತಾರೇನ್ರಿ?" ಅಂದೆ.

ಅವನು ನಗಲಿಲ್ಲ. ಮಾಲು ಇತ್ತು ಎನ್ನುವುದಕ್ಕೆ ಪಟ್ಟಿಯಿದೆ, ಹಾಳಾಯಿತು ಎನ್ನುವುದಕ್ಕೆ ಏನಿದೆ ಎಂದು ಚೀಲದ ಬಾಯಿ ಮುಚ್ಚತೊಡಗಿದ.

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಕೌದಿ ಒದ್ದೆಯಾಗಿರಬೇಕು, ಬದಲಿಸಬೇಕು ಎಂದುಕೊಂಡೆ. ಅಂದುಕೊಂಡ ಆ ಕ್ಷಣಕ್ಕೇ ನನ್ನ ತಲೆಯಲ್ಲಿ ದೀಪ ಹತ್ತಿತು. ಓಡಿದೆ. ಕೂಸನ್ನು ಆಜಿಯ ಕೈಗೆ ಕೊಟ್ಟು, ಕೌದಿ ತಂದು ಅಂಗಡಿಯ ಕಟ್ಟೆಯ ಮೇಲೆ ಹಾಸಿದೆ.

"ಬಸೂ, ಒಂದು ಥಾನಿಗೆ ಮುದ್ರಿ ಎಷ್ಟು?"

"ಒಂದಽ."

"ಎಣಸು ಅನ್ನು ಸಾಹೇಬ್ರಿಗೆ."

ಮುಸ್ಯೆ ಅಂತ್ವಾನ್ ಬಗ್ಗಿದ. ನವಿಲು, ಕಳಸದ ಹೆಂಗಸು, ಸಿಂಹ, ಮತ್ತೆ ನವಿಲು. ಪೆನ್ಸಿಲಿನಿಂದ ಗುರುತು ಹಾಕುತ್ತ ಎಣಿಸಿದ. ಒದ್ದೆಯ ಜಾಗಕ್ಕೆ ಬಂದಾಗ ಬೆರಳೆತ್ತಿ ದಾಟಿದ. ಪಟ್ಟಿಯಲ್ಲಿ ಮೂವತ್ನಾಲ್ಕು ಥಾನು. ಕೌದಿಯಲ್ಲಿ ಮೂವತ್ಮೂರು ಮುದ್ರೆ.

ಮತ್ತೆ ಎಣಿಸಿದ. ಮೂವತ್ಮೂರು. ಒಂದು ಮಾರಿದ್ದೀರೋ ಎಂದು ಕೇಳಿದ. ಬಸು ಇಲ್ಲವೆಂದು ತಲೆಯಾಡಿಸಿದ. ನನಗೆ ಒಂದೊಂದು ತುಂಡೂ ನೆನಪು. ಕೆಳಗಿನ ಹಲಗೆಯ ಹಳದಿ ಮಲಮಲ್ಲು, ಸಿಂಹದ ಮುದ್ರೆ. ಅದೆಲ್ಲಿ ಹೋಯಿತು?

ಆಜಿ ಬಾಗಿಲಲ್ಲಿ ಕೂಸನ್ನು ಹಿಡಿದು ನಿಂತಿದ್ದಳು. "ಇಲ್ಲಿ ಐತಿ ನೋಡ್ರಿ ನಿಮ್ಮ ಸಿಂಹ!"

ನಮ್ಮ ಕಡೆ ಎಳೆಗೂಸಿನ ತಲೆಗೆ ಬೆನ್ನಿನ ತನಕ ಇಳಿಯುವ ಕುಂಚಿಗೆ ಹಾಕುತ್ತಾರೆ. ನಾನೇ ಹೊಲಿದಿದ್ದೆ, ಹಳದಿ ಮಲಮಲ್ಲಿನದು. ಕೂಸಿನ ನೆತ್ತಿಯ ಮೇಲೆ ಬಂಗಾರದ ಸಿಂಹ ಕೂತಿತ್ತು. ಮುಸ್ಯೆ ಅಂತ್ವಾನ್ ಹತ್ತಿರ ಹೋಗಿ, ಬಹಳ ಗಂಭೀರವಾಗಿ ಕೂಸಿನ ತಲೆಯನ್ನು ಪಟ್ಟಿಯಲ್ಲಿ ಬರೆದುಕೊಂಡ.

ಹಾಳಾದದ್ದನ್ನು ಇನ್ನೂ ತೋರಿಸಬೇಕಿತ್ತು. ಕತ್ತರಿ ತಂದೆ. ಆಜಿ ಅರಚಿದಳು, "ಕೂಸಿನ ಹಾಸಿಗಿ ಬಿಚ್ಚತಾರೇನ?" ಬಿಚ್ಚಬಾರದು, ನನಗೂ ಗೊತ್ತು. ಕಣ್ಣು ಮುಚ್ಚಿ ಒಂದು ಬದಿಯ ದಾರ ಕತ್ತರಿಸಿದೆ. ಮುಸ್ಯೆ ಅಂತ್ವಾನ್ ಕೌದಿಯ ಹೊಟ್ಟೆಯೊಳಗೆ ಮೊಣಕೈಯ ತನಕ ಕೈ ಹಾಕಿ, ಹಸುವಿನ ಹೆರಿಗೆ ಮಾಡಿಸುವವನ ಹಾಗೆ ಒಂದೊಂದೇ ತುಂಡು ಎಳೆದ. ಕಂದು ಗೆರೆ. ಬಿಟ್ಟ ಬಣ್ಣ. ಮೊಳೆಯ ತುಕ್ಕು. ಬಿರುಗಾಳಿ ಅಲ್ಲಿ ಮಡಚಿ ಕೂತಿತ್ತು.

ಉಳಿದ ಅರಿವೆ ಎಲ್ಲಿ ಎಂದ. ನಾನು ಓಣಿಯತ್ತ ಕೈ ತೋರಿಸಿದೆ. ಅವನು ಛತ್ರಿಯ ಕಡ್ಡಿ ಹಿಡಿದು ಹೊರಟ, ನಾವು ಹಿಂದೆ. ಕಿಟಕಿಯಲ್ಲಿ ಬಸುವಿನ ಪರದೆ, ಹಗ್ಗದ ಮೇಲೆ ಬಸುವಿನ ಲಂಗ, ಒಬ್ಬ ಮುದುಕನ ಮೈಮೇಲೆ ಬಸುವಿನ ಹೂವಿನ ಅಂಗಿ. ಸುದ್ದಿ ನಮಗಿಂತ ಮುಂದೆ ಓಡಿತ್ತು. ಹೆಂಗಸರು ಬಾಗಿಲಿಗೆ ಬಂದು, ತುಕ್ಕಿನ ಕಲೆಯನ್ನು ಬೆಳಕಿಗೆ ಹಿಡಿದು, ಬಹುಮಾನ ಬಂದವರಂತೆ ತೋರಿಸಿದರು. ಒಬ್ಬಳ ಕಲೆ ಸಣ್ಣದಿತ್ತೆಂದು ಪಕ್ಕದವಳು ನಕ್ಕಳು. ಅವಳು ಸಿಟ್ಟಾಗಿ ಒಳಗೆ ಹೋಗಿ ದೊಡ್ಡದು ತಂದಳು.

ಮರಳಿ ಬಂದು ಅವನು ಕೌದಿಯನ್ನು ಮಡಚಿದ. ಇದನ್ನು ಕಚೇರಿಗೆ ಒಯ್ಯಬೇಕು, ಬಾಯಿಮಾತಿಗೆ ಅವರು ನಂಬುವುದಿಲ್ಲ ಅಂದ. ಅವರು ಒಪ್ಪುತ್ತಾರೋ ಇಲ್ಲವೋ, ಅದೂ ತನ್ನ ಕೈಯಲ್ಲಿಲ್ಲ.

"ಒಯ್ಯಲಿ. ಒಂದು ಗಳಿಗಿ ತಡಿ ಅನ್ನು" ಅಂದೆ.

ಬಿಚ್ಚಿದ ಬದಿ ಹೊಲಿದೆ. ನಡುವೆ ಅಂಗೈಯಗಲದ ಒಂದು ಕಿಸೆ ಮಾಡಿ, ಕರದಂಟಿನ ಒಂದು ತುಂಡು ಇಟ್ಟು, ಕೆಂಪು ದಾರದಿಂದ ಬಾಯಿ ಮುಚ್ಚಿದೆ. ನಮ್ಮ ಮನೆಯಲ್ಲಿ ಕೌದಿ ಹೊಲಿದರೆ ಅದರ ಹೊಟ್ಟೆ ತುಂಬಿಸುವುದುಂಟು. ಹೋಳಿಗೆಯ ಚೂರೋ ಬೆಲ್ಲವೋ. ಹಸಿದ ಕೌದಿ ನಿದ್ದೆ ಕೊಡುವುದಿಲ್ಲ ಅನ್ನುತ್ತಾರೆ ಅತ್ತೆ. ಕೂಸು ಮಲಗಿದಾಗ ಗಡಿಬಿಡಿಯಲ್ಲಿ ಅದನ್ನು ಮರೆತಿದ್ದೆ. ಈಗ ಪರದೇಶದ ಕಚೇರಿಗೆ ಒಬ್ಬಂಟಿಯಾಗಿ ಹೊರಟಿದೆ, ಹಸಿದು ಹೋಗಬಾರದು.

ಬಸು ಇದನ್ನು ನಾಚುತ್ತ ತಿಳಿಸಿದ. ಮುಸ್ಯೆ ಅಂತ್ವಾನ್ ತಲೆಯಾಡಿಸಿ, ಕೌದಿಯ ಮೂಲೆಗೆ ಒಂದು ಚೀಟಿ ಪಿನ್ನು ಮಾಡಿ, ಕಂಕುಳಲ್ಲಿಟ್ಟುಕೊಂಡು ಹೋದ.

ಹೊರಡುವ ಮೊದಲಿನ ವಾರ

ಐದು ವಾರ ಸುದ್ದಿಯಿಲ್ಲ. ಬಸು ಮುಂಬೈಗೆ ಕಾಗದ ಬರೆದು, ಅಂಚೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಅಂಗಿ ಒಗೆಯುವಾಗ ನನಗೆ ಸಿಕ್ಕಿತು. ಒದ್ದೆಯಾಗಲಿ ಎಂದು ತೆಗೆಯದೆಯೇ ಒಗೆದೆ. ಮತ್ತೊಮ್ಮೆ ಬರೆದ. ಮತ್ತೊಮ್ಮೆ ಒಗೆದೆ.

ಆರನೆಯ ವಾರ ಒಂದು ಮಧ್ಯಾಹ್ನ ಮುಸ್ಯೆ ಅಂತ್ವಾನ್ ತಾನೇ ಬಂದ. ಕೈಯಲ್ಲಿ ಹೊಸ ಛತ್ರಿ, ಕಂಕುಳಲ್ಲಿ ಕೌದಿ. ಬಸುವಿನ ಕೈಗೆ ಕಾಗದ ಕೊಟ್ಟ. ಬಸು ಓದಿದ. ಓದಿ, ಜೇಬಿನಿಂದ ಮುಂಬೈಯ ಕಾಗದ ತೆಗೆದು ಹರಿಯಲು ಹೋದ. ಅದು ಒಗೆದು ಒಗೆದು ಹಿಟ್ಟಾಗಿತ್ತು, ಹರಿಯಲು ಏನೂ ಉಳಿದಿರಲಿಲ್ಲ.

"ಕೊಟ್ಟಾರ ಯಕ್ಕಾ" ಅಂದ. ಲೀಲಾ ಒಳಗಿನಿಂದಲೇ ಅತ್ತಳು. ಆಜಿ, "ನಾ ಹೇಳಿರಲಿಲ್ಲೇನು?" ಅಂದಳು. ಅವಳು ಏನನ್ನೂ ಹೇಳಿರಲಿಲ್ಲ.

ಮುಸ್ಯೆ ಅಂತ್ವಾನ್ ಮಾತ್ರ ಸ್ವಲ್ಪ ಅಳುಕಿ ನಿಂತಿದ್ದ. ಒಂದು ತಪ್ಪಾಗಿದೆ ಅಂದ. ಕೌದಿಯನ್ನು ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದರು. ಕರದಂಟಿನ ವಾಸನೆ ಇರುವೆಗಳಿಗೆ ತಿಳಿಯಿತು. ನೆರೆ ಊರಿನ ಇರುವೆಗಳೂ ಬಂದವು. ಊರೂರಿನ ಅರ್ಜಿಗಳ ನಡುವೆ ಸಾಲುಗಟ್ಟಿ ನಡೆದವು. ಮೇಲಧಿಕಾರಿ, ಈ ಅರ್ಜಿಯನ್ನು ಮೊದಲು ಮುಗಿಸಿ ಹೊರಗೆ ಹಾಕಿ ಎಂದು ಸರದಿ ಬಿಟ್ಟು ಸಹಿ ಹಾಕಿದ. ಆದರೆ ಕರದಂಟು ಉಳಿಯಲಿಲ್ಲ.

ಕೌದಿ ಬಿಡಿಸಿ ನೋಡಿದೆ. ನಡುವಿನ ಕಿಸೆ ಖಾಲಿಯಿರಲಿಲ್ಲ. ಬಾಯಿ ಹೊಸದಾಗಿ ಹೊಲಿದಿತ್ತು. ನಾನು ಹಾಕಿದ್ದು ಕೆಂಪು ದಾರ, ಇದು ನೀಲಿ. ಹೊಲಿಗೆ ಸಣ್ಣದು, ಅಚ್ಚುಕಟ್ಟು, ಗಂಡಸಿನದಲ್ಲ. ಒತ್ತಿದೆ. ಒಳಗೆ ಸಕ್ಕರೆ ಕರಕರ ಅಂದಿತು.

"ನನ್ನ ಹೆಂಡತಿ" ಅಂದ ಅವನು, ಛತ್ರಿಯ ಹಿಡಿಕೆ ನೋಡುತ್ತ. "ಹಸಿದು ಮರಳಬಾರದು ಅಂದಳು. ದಪ್ಪ ಅರಿವೆ, ಎರಡು ಸೂಜಿ ಮುರಿದಳು."

ನಾನು ಒಳಗೆ ಹೋಗಿ ದಾರದ ಉಂಡೆ ತಂದು, ಸೂಜಿಯ ಸಮೇತ ಅವನ ಕೈಗಿಟ್ಟೆ.

ಇಳಕಲ್

ಮನೆಗೆ ಬಂದು ಕಾಲು ತೊಳೆದಿರಲಿಲ್ಲ, ಅತ್ತೆ ಕೈ ಚಾಚಿದರು. "ಸೂಜಿ?"

ಇದ್ದದ್ದು ಇದ್ದಂಗ ಹೇಳಿದೆ. ಹೇಳುವ ತನಕ ಅವರ ಮುಖ ಬಾದಾಮಿಯ ಗುಡ್ಡದ ಹಾಗಿತ್ತು. ನಮ್ಮ ಮನೆಯವರು ಪತ್ರಿಕೆಯ ಹಿಂದೆ, "ನಾ ಹೇಳಿದ್ದೆ, ಕೊಟ್ಟು ಬರ್ತಾಳ ಅಂತ" ಅಂದರು.

ಅತ್ತೆ ಚಾಚಿದ ಕೈ ಹಿಂದೆ ತೆಗೆದುಕೊಂಡು ಕೇಳಿದರು. "ಆಕಿ ಕೌದಿ ಹೊಟ್ಟಿ ತುಂಬಿಸ್ಯಾಳ, ಹೌದಲ್ಲ?"

"ಹೂನ್ರಿ. ಸಕ್ರಿ ಇಟ್ಟಾಳ."

"ಹಂಗಾರ ಇರಲಿ ಬಿಡು. ನನಗೇನು ಸೂಜಿ ಬ್ಯಾಡ."

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೋಗಿ, ಅಲ್ಲಿ ಸಿಗುವಷ್ಟರಲ್ಲಿ ಎಲ್ಲಕ್ಕಿಂತ ದಪ್ಪನೆಯ ಸೂಜಿ ತಂದುಕೊಟ್ಟೆ.